ಸ್ವಲ್ಪ ಸ್ವಲ್ಪವಾಗಿ ಬಿಡ್ತೀನಿ ಎಂದವರು

ದನದ ಡಾಕ್ಟರಿಗೆ ಊರಲ್ಲಿ ಮರ್ಯಾದೆ ಸ್ವಲ್ಪ ಕಡಿಮೆಯೇ. ಮನುಷ್ಯರ ಡಾಕ್ಟರು ಬಂದರೆ ಜಗುಲಿಯ ಮೇಲಿದ್ದವರು ಎದ್ದು ಪಂಚೆ ಸರಿಮಾಡಿಕೊಳ್ಳುತ್ತಾರೆ. ದನದ ಡಾಕ್ಟರು ಬಂದರೆ ಕೂತಲ್ಲಿಂದಲೇ, "ಓ, ಬಂದ್ರಾ? ಕೊಟ್ಟಿಗೆ ಆ ಕಡೆ ಐತೆ" ಎನ್ನುತ್ತಾರೆ. ತೊಂಬತ್ತರ ದಶಕದಲ್ಲಿ ನಮ್ಮ ಜಾವಗಲ್ಲಿಗೆ ಬಂದು ಕೊನೆಯವರೆಗೂ ಇಲ್ಲೇ ಇದ್ದ ಡಾಕ್ಟರು ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಂಡವರಲ್ಲ. "ನನ್ನ ಪೇಷೆಂಟುಗಳು ಸುಳ್ಳು ಹೇಳಲ್ಲ ಕಣಯ್ಯ. ಮನುಷ್ಯರ ಡಾಕ್ಟರಿಗೆ ಆ ಭಾಗ್ಯ ಎಲ್ಲಿದೆ?" ಎಂದು ನನ್ನ ಅಂಗಡಿಯ ಬೂಸಾ ಮೂಟೆಯ ಮೇಲೆ ಕೂತು ನಗುತ್ತಿದ್ದರು.

ನನ್ನದು ದನದ ಆಸ್ಪತ್ರೆಯ ಎದುರಿಗೇ ಬೂಸಾ, ಹಿಂಡಿ ಮಾರುವ ಅಂಗಡಿ. ಆಸ್ಪತ್ರೆಯಲ್ಲಿದ್ದ ಒಂದೇ ಕುರ್ಚಿಯ ಕಾಲು ಅಲ್ಲಾಡುತ್ತಿತ್ತು. ಹೀಗಾಗಿ ಡಾಕ್ಟರ ಅರ್ಧ ಹೊತ್ತು ನನ್ನ ಅಂಗಡಿಯಲ್ಲೇ ಕಳೆಯುತ್ತಿತ್ತು. ಉದ್ದ ಆಳು, ಸ್ವಲ್ಪ ಬಾಗಿದ ಬೆನ್ನು. ಅಂಗಿಯ ಬಲತೋಳು ಸದಾ ಭುಜದವರೆಗೆ ಮಡಚಿರುತ್ತಿತ್ತು, ಎಡತೋಳಿನ ಗುಂಡಿ ಮಾತ್ರ ಶಿಸ್ತಾಗಿ ಹಾಕಿರುತ್ತಿತ್ತು. ಮದುವೆ ಮನೆಗೆ ಹೋದರೂ ಹಾಗೇ. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ಎಳೆದು ಸರಿಮಾಡಿದರೆ ಊಟದ ಹೊತ್ತಿಗೆ ಮತ್ತೆ ಮೇಲಕ್ಕೇರಿರುತ್ತಿತ್ತು.

ಯಾವ ದನದ ಹತ್ತಿರ ಹೋದರೂ ಮೊದಲು ಅದರ ಹಣೆಯ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುವುದು ಅವರ ಪದ್ಧತಿ. ದನದವರಿಗೆ ಅವಸರ. "ಏನ್ ಡಾಕ್ಟ್ರೇ, ಧ್ಯಾನ ಮಾಡ್ತೀರೋ, ಸೂಜಿ ಚುಚ್ತೀರೋ?" ಎಂದು ಕೆಣಕುತ್ತಿದ್ದರು. ಇವರು ಮಿಸುಕುತ್ತಿರಲಿಲ್ಲ. ಹಸು ಒಂದು ಉದ್ದ ಉಸಿರು ಬಿಟ್ಟ ಮೇಲೇ ಕೈಗೆ ಕೆಲಸ. ನಮ್ಮಜ್ಜಿ, ನನಗೆ ಮಾತು ಕಲಿಸಿದವಳು, ಯಾರನ್ನೂ ಸುಲಭಕ್ಕೆ ಹೊಗಳಿದವಳಲ್ಲ. ನಮ್ಮ ಕಂದಿ ಹಸುವಿನ ಹೊಟ್ಟೆಯಲ್ಲಿ ಅಡ್ಡಲಾಗಿದ್ದ ಕರುವನ್ನು ಇವರು ತಿರುಗಿಸಿ ಎಳೆದುಕೊಟ್ಟ ದಿನ ಹಂಡೆಯ ಬಿಸಿನೀರನ್ನು ತಾನೇ ಮೊಗೆದು ಅವರ ಕೈಗೆ ಹೊಯ್ದಳು. ಬಾಯಿಂದ ಬರುತ್ತಿದ್ದ ವಾಸನೆ ಅವಳ ಮೂಗಿಗೂ ಬಡಿದಿತ್ತು. ಅವರು ಹೋದ ಮೇಲೆ ಹೇಳಿದಳು: "ಕುಡೀತಾನೆ ಕಣೋ. ಕುಡೀಲಿ. ನಿಮ್ಮಪ್ಪ ಕುಡೀದೇನೆ ಏನು ಕಡಿದು ಗುಡ್ಡೆ ಹಾಕಿದ?"

ಹೌದು, ಕುಡಿಯುತ್ತಿದ್ದರು. ಅದನ್ನು ಮುಚ್ಚಿಟ್ಟು ಬರೆದರೆ ಅವರೇ ಬಂದು ನನ್ನನ್ನು ಬೈದಾರು. ಆದರೆ ರಸ್ತೆಯಲ್ಲಿ ಬಿದ್ದವರಲ್ಲ, ಬೈದವರಲ್ಲ, ಯಾರ ಮೇಲೂ ಕೈ ಎತ್ತಿದವರಲ್ಲ. ಮೊದಮೊದಲು ನಿದ್ದೆಗೆಂದು ಸಂಜೆ ತೆಗೆದುಕೊಳ್ಳುತ್ತಿದ್ದದ್ದು ಬರುಬರುತ್ತಾ ಬೆಳಗಿನ ಕಾಫಿಯ ಜಾಗಕ್ಕೂ ಬಂದಿತ್ತು. ಬೆಳಗ್ಗೆ ಮೊಪೆಡ್ಡಿನ ಕೀಲಿ ತೂತಿಗೆ ಹಾಕಲು ಅವರು ಪಡುತ್ತಿದ್ದ ಪಾಡನ್ನು ನಾನು ಅಂಗಡಿಯಿಂದ ನೋಡುತ್ತಿದ್ದೆ. ಒಳಗೆ ಹೋಗಿ ಸ್ಟೀಲಿನ ಲೋಟ ಇಳಿಸಿ ಬಂದರೆ ಅದೇ ಕೈ ಕಲ್ಲಿನಂತೆ ನಿಲ್ಲುತ್ತಿತ್ತು.

ಈ ನಡುಕದ ಗುಟ್ಟನ್ನು ಅವರು ನನಗೆ ಬಿಡಿಸಿ ಹೇಳಿದ್ದು ಒಂದು ನಾಯಿಯ ದೆಸೆಯಿಂದ.

ಹಳೇಬೀಡಿನ ದಾರಿಯಲ್ಲಿರುವ ಒಂದು ಹಳ್ಳಿಯಿಂದ ಕರೆ ಬಂತು. ಯಾರೋ ತೋಟಕ್ಕೆ ನುಗ್ಗುವ ಹಂದಿಗೆಂದು ಕಾಸರಕದ ಬೀಜದ ವಿಷ ಬೆರೆಸಿ ಇಟ್ಟಿದ್ದನ್ನು ಒಬ್ಬ ಮುದುಕಿಯ ನಾಯಿ ತಿಂದುಬಿಟ್ಟಿತ್ತು. ನಾನೂ ಮೊಪೆಡ್ಡಿನ ಹಿಂದೆ ಕೂತು ಹೋದೆ. ನಾಯಿ ಅಂಗಳದಲ್ಲಿ ಬಿದ್ದಿತ್ತು, ಎಚ್ಚರವಿತ್ತು, ನಮ್ಮನ್ನು ನೋಡುತ್ತಿತ್ತು. ಪಕ್ಕದ ಹಿಟ್ಟಿನ ಗಿರಣಿ ಧಡಕ್ ಎಂದು ಶುರುವಾಯಿತು. ಅಷ್ಟೇ, ನಾಯಿ ಬಿಲ್ಲಿನಂತೆ ಸೆಟೆದು ನಾಲ್ಕೂ ಕಾಲು ಚಾಚಿಬಿಟ್ಟಿತು. ಮುದುಕಿ "ಅಯ್ಯೋ ನನ್ ಕಂದಾ!" ಎಂದು ಕಿರುಚಿದಳು, ಮತ್ತೆ ಸೆಟೆಯಿತು.

"ಬಾಯಿ ಮುಚ್ಚಮ್ಮ!" ಎಂದರು ಡಾಕ್ಟರು. ಅವರು ಗದರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಅಳಬೇಡ, ಮುಟ್ಟಬೇಡ. ನೀನು ಹೋಗಯ್ಯ, ಗಿರಣಿ ನಿಲ್ಲಿಸಿ ಬಾ."

ಗಿರಣಿಯವನು ಕೇಳುತ್ತಾನೆಯೇ? "ಏನ್ಲಾ, ನಾಯಿ ನಿದ್ದೆ ಮಾಡ್ಲಿ ಅಂತ ನಾನು ಗಿರಣಿ ನಿಲ್ಲಿಸ್ಬೇಕಾ? ಜೋಗುಳಾನೂ ಹಾಡ್ಲಾ?" ಎಂದ. ಅಂತೂ ಕೈಮುಗಿದು ನಿಲ್ಲಿಸಿದೆ. ಬರುವಷ್ಟರಲ್ಲಿ ಡಾಕ್ಟರು ನಾಯಿಯನ್ನು ಗೋಣಿತಾಟಿನ ಸಮೇತ ಕತ್ತಲೆ ಕೋಣೆಗೆ ಸಾಗಿಸಿ, ಸೂಜಿ ಕೊಟ್ಟು, ಬಾಗಿಲು ಮುಂದೆ ಮಾಡಿಕೊಂಡು ಪಕ್ಕದಲ್ಲಿ ಕೂತಿದ್ದರು. ನಾಯಿ ಸೆಟೆಯುವಂತಾದಾಗ ಇನ್ನಷ್ಟು ಔಷಧಿ. ಹೊರಗೆ ಇಡೀ ಬೀದಿಯೇ ಪಿಸುಮಾತಿಗಿಳಿದಿತ್ತು. ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೂ ಅವರು ಅಲ್ಲಿಂದ ಏಳಲಿಲ್ಲ. ನಾಯಿ ಉಳಿಯಿತು.

ವಾಪಸ್ ಬರುವಾಗ ಕೆರೆ ಏರಿಯ ಮೇಲೆ ಗಾಡಿ ನಿಲ್ಲಿಸಿ ಹೇಳಿದರು: "ಮಿದುಳು ಅಂದ್ರೆ ಬರೀ ಹುಕುಂ ಕೊಡೋ ಯಜಮಾನ ಅಂದ್ಕೊಂಡಿದ್ದೀಯ. ಅದರ ಅರ್ಧ ಕೆಲಸ ಸುಮ್ನಿರು ಅನ್ನೋದು. ಒಂದೊಂದು ನರದ ಕಣಾನೂ ಹೋರಿ ಇದ್ದ ಹಾಗೆ, ಬಿಟ್ಟರೆ ಓಡುತ್ತೆ. ಅದಕ್ಕೆ ಮೂಗುದಾರ ಹಾಕಿ ಪಕ್ಕದ ಕಣಗಳು ಹಿಡ್ಕೊಂಡಿರ್ತವೆ. ಹಗ್ಗ ಒಂದೇ ಥರದ್ದಲ್ಲ. ಕಾಸರಕ ಬೆನ್ನುಹುರಿಯಲ್ಲಿರೋ ಒಂದು ಥರದ ಹಗ್ಗದ ಹಿಡಿತಾನೇ ತಪ್ಪಿಸಿಬಿಡುತ್ತೆ. ಆಮೇಲೆ ಚಪ್ಪಾಳೆ ತಟ್ಟಿದರೂ ಸಾಕು, ಮೈಯಲ್ಲಿರೋ ಹೋರಿ ಎಲ್ಲಾ ಒಟ್ಟಿಗೆ ಓಡ್ತವೆ. ನಾನು ಕೊಟ್ಟ ಸೂಜಿ ತಪ್ಪಿಹೋದ ಹಗ್ಗಾನ ವಾಪಸ್ ತರಲ್ಲ. ಅದು ಇನ್ನೊಂದು ಥರದ ಹಗ್ಗಾನ ಬಿಗಿಯಾಗಿ ಎಳೆದು ಹಿಡಿಯುತ್ತೆ. ವಿಷ ಇಳಿಯೋವರೆಗೂ ಹಿಡಿದಿದ್ರೆ ಗೆದ್ದ ಹಾಗೆ."

"ಒಳ್ಳೇದಾಯ್ತು ಬಿಡಿ" ಎಂದೆ. ಬೂಸಾ ಮಾರುವವನು ಇನ್ನೇನು ಹೇಳಲಿ?

ಅವರು ತಮ್ಮ ಬಲಗೈಯನ್ನು ಮುಂದೆ ಚಾಚಿ ಹಿಡಿದರು. ಆಗಲೇ ಸಣ್ಣಗೆ ನಡುಗುತ್ತಿತ್ತು. "ನಾನು ಕುಡಿಯೋದೂ ಆ ಎರಡನೇ ಹಗ್ಗಾನೇ ಎಳೆಯುತ್ತೆ. ಅದಕ್ಕೇ ಕುಡಿದೋನಿಗೆ ಹಾಯ್ ಅನ್ಸೋದು. ಆದ್ರೆ ದಿನಾ ಹೊರಗಿನೋನು ಬಂದು ಹಗ್ಗ ಎಳೀತಿದ್ರೆ ಮನೆಯವನು ಏನು ಮಾಡ್ತಾನೆ? ಕೈ ಸಡಿಲ ಬಿಡ್ತಾನೆ. ಹೋರಿ ಇನ್ನೂ ಜೋರಾಗಿ ತಳ್ಳೋದು ಕಲಿಯುತ್ತೆ. ಹೀಗೆ ವರ್ಷಗಟ್ಟಲೆ ಆದಮೇಲೆ ಒಂದು ದಿನ ಹೊರಗಿನೋನು ಬರ್ಲಿಲ್ಲ ಅಂದ್ರೆ?" ಎಂದು ನನ್ನ ಮುಖ ನೋಡಿದರು. "ಅದಕ್ಕೇ ಇದನ್ನ ಧಡಕ್ಕನೆ ಬಿಡಬಾರದು ಕಣಯ್ಯ. ಸ್ವಲ್ಪ ಸ್ವಲ್ಪವಾಗಿ ಬಿಡ್ಬೇಕು. ಮನೆಯವನಿಗೆ ಮತ್ತೆ ಹಗ್ಗ ಹಿಡಿಯೋ ರೂಢಿ ಆಗ್ಬೇಕು."

ಬಿಡುವ ಮನಸ್ಸು ಮಾಡಿದ್ದರು. ಹಾಸನದ ಒಬ್ಬ ಡಾಕ್ಟರ ಹತ್ತಿರ ಹೋಗಿ ಮಾತ್ರೆ ಬರೆಸಿಕೊಂಡು ಬಂದರು. ಅದೂ ಅದೇ ಹಗ್ಗವನ್ನು ಹಿಡಿಯುವ ಮಾತ್ರೆಯಂತೆ. ಅದರ ಆಸರೆಯಲ್ಲಿ ಕುಡಿತವನ್ನು ಇಳಿಸುತ್ತಾ ಬಂದು ನಿಲ್ಲಿಸುವುದು, ಆಮೇಲೆ ಮಾತ್ರೆಯನ್ನೂ ಮೆಲ್ಲಗೆ ಇಳಿಸುವುದು. ಆ ಡಾಕ್ಟರು ಹಾಕಿಕೊಟ್ಟ ದಾರಿ ಇದು. ಅಕ್ಕನಿಗೆ ನೆಮ್ಮದಿಯಾಗಿತ್ತು. "ಮುಖದಲ್ಲಿ ಕಳೆ ಬಂದೈತೆ ಅಲ್ವೇನಪ್ಪ?" ಎಂದು ನನ್ನನ್ನು ಕೇಳಿದರು. ಬಂದಿತ್ತು, ನಿಜ.

ಅಷ್ಟರಲ್ಲಿ ಅಕ್ಕನ ಅಣ್ಣನ ಮಗಳ ನಿಶ್ಚಿತಾರ್ಥ ಬಂತು.

ಅಕ್ಕನ ಅಣ್ಣ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಸಾಹುಕಾರ್ರು. ಕೆಟ್ಟವರೆಂದು ನಾನು ಹೇಳಲಾರೆ. ಅಪ್ಪ ಇಲ್ಲದ ತಂಗಿಯನ್ನು ಬೆಳೆಸಿದವರು, ಓದಿಸಿದವರು, ಡಾಕ್ಟರಿಗೇ ಕೊಡಬೇಕೆಂದು ಹುಡುಕಿ ಕೊಟ್ಟವರು. "ಕೊಟ್ಟ ಮೇಲೆ ಗೊತ್ತಾಯ್ತು, ದನದ ಡಾಕ್ಟ್ರು ಅಂತ!" ಎಂದು ಅವರ ಗೆಳೆಯರು ತಮಾಷೆ ಮಾಡುತ್ತಿದ್ದರು. ಸಾಹುಕಾರ್ರಿಗೆ ಆ ತಮಾಷೆ ಸೇರುತ್ತಿರಲಿಲ್ಲ.

ನಿಶ್ಚಿತಾರ್ಥದ ದಿನ ಬೀಗರ ಎದುರು ವಾಸನೆ ಬರಬಾರದೆಂದು ಡಾಕ್ಟರು ಬೆಳಗ್ಗೆಯಿಂದ ಒಂದು ಹನಿ ಮುಟ್ಟಿರಲಿಲ್ಲ. ಗಡಿಬಿಡಿಯಲ್ಲಿ ಮಾತ್ರೆಯೂ ಜಾವಗಲ್ಲಿನಲ್ಲೇ ಉಳಿದಿತ್ತು. ತಾಂಬೂಲದ ತಟ್ಟೆ ಹಿಡಿದು ಬೀಗರಿಗೆ ಕೊಡುವಾಗ ಅವರ ಕೈ ಗಡಗಡ ನಡುಗಿ ತೆಂಗಿನಕಾಯಿ ಉರುಳಿ ಬೀಗಿತ್ತಿಯ ಕಾಲ ಮೇಲೆ ಬಿತ್ತು. ಚಪ್ಪರದ ತುಂಬ ಮಾತು ಹರಿದಾಡಿತು: "ಬೆಳ್ ಬೆಳಗ್ಗೆನೇ ಏರಿಸ್ಕೊಂಡು ಬಂದವ್ನೆ ನೋಡು." ಎಷ್ಟೋ ವರ್ಷಗಳಿಂದ ನಾನು ಕಂಡಂತೆ ಹೊತ್ತು ಏರಿದರೂ ಅವರು ಕುಡಿಯದೆ ಇದ್ದದ್ದು ಅದೇ ಮೊದಲ ದಿನ. ಅವತ್ತೇ ಅವರಿಗೆ ಕುಡುಕ ಎಂಬ ಹೆಸರು ಗಟ್ಟಿಯಾಯಿತು.

ಮಾರನೆಯ ದಿನವೇ ಸಾಹುಕಾರ್ರು ಬಾಡಿಗೆ ಕಾರು ಮಾಡಿಕೊಂಡು ಜಾವಗಲ್ಲಿಗೆ ಬಂದರು. ಕಾರು ಕಂಡು ನಾನು ಡಾಕ್ಟರ ಮನೆಗೆ ಹೋದರೆ ಅವರು ಮನೆ ಜಾಲಾಡುತ್ತಿದ್ದರು. ಬಾಟಲಿಯ ಜೊತೆ ಮಾತ್ರೆಯೂ ಸಿಕ್ಕಿತು.

"ಏನಮ್ಮ ಇದು?"

"ಡಾಕ್ಟ್ರು ಕೊಟ್ಟಿರೋದು ಅಣ್ಣ. ಬಿಡಿಸೋಕೆ."

"ನಿದ್ದೆ ಮಾತ್ರೆ ಅಲ್ವಾ ಇದು? ಒಂದು ಅಮಲು ಸಾಲ್ದು ಅಂತ ಇನ್ನೊಂದು! ಬಾಟ್ಲಿ ಬಿಡಿಸೋಕೆ ಮಾತ್ರೆ, ಮಾತ್ರೆ ಬಿಡಿಸೋಕೆ ಇನ್ನೊಂದು ಬಾಟ್ಲಿ!" ಎಂದವರೇ ಎರಡನ್ನೂ ತಿಪ್ಪೆಗೆ ಎಸೆದರು. "ನಡೀರಿ ಭಾವ. ಮಾಲೇಕಲ್ಲು ಬೆಟ್ಟದ ದೇವರ ಹತ್ರ ಹೋಗ್ಬಂದ್ಬಿಡಣ. ಆಣೆ ಮಾಡ್ಬಿಡಿ, ಮುಗೀತು."

ಡಾಕ್ಟರು ನಿಧಾನವಾಗಿಯೇ ಹೇಳಿದರು. "ಆಣೆಗೆ ನಾನು ಹಿಂದೆ ಮುಂದೆ ನೋಡ್ತಿಲ್ಲ ಭಾವ. ಒಂದು ತಿಂಗಳು ಟೈಮ್ ಕೊಡಿ. ಒಂದೇ ಸಲ ನಿಲ್ಲಿಸಿದ್ರೆ ಫಿಟ್ಸ್ ಬರುತ್ತೆ. ಜೀವಕ್ಕೇ ಸಂಚಕಾರ. ಸ್ವಲ್ಪ ಸ್ವಲ್ಪವಾಗಿ ಬಿಡ್ತೀನಿ."

"ಎಲ್ಲಾ ಕುಡುಕ್ರೂ ಹೇಳೋದು ಇದೇ ಮಾತು. ಸ್ವಲ್ಪ ಸ್ವಲ್ಪವಾಗಿ ಬಿಟ್ಟೋನ್ನ ನಾನಂತೂ ನೋಡಿಲ್ಲ. ದೇವರ ಹತ್ರ ಕಂತು ಕಟ್ಟೋಕೆ ಹೋಗ್ತೀರಾ?"

ನಾನು ಬಾಯಿ ಹಾಕಿದೆ. "ಸಾಹುಕಾರ್ರೇ, ಅವ್ರು ಓದಿದೋರು. ಹಾಸನದ ಡಾಕ್ಟ್ರನ್ನ ಒಂದ್ಮಾತು ಕೇಳೋಣ."

"ನೀನು ಹಿಂಡಿ ಮಾರೋನು, ಹಿಂಡಿ ಮಾರು" ಎಂದರು. "ಓದಿರೋದೇನು, ಎಮ್ಮೆ ವಿಷಯ ತಾನೇ?"

ಅಕ್ಕ ಬಾಗಿಲ ಹತ್ತಿರ ನಿಂತಿದ್ದರು. ಸಾಹುಕಾರ್ರು ಅವರ ಕಡೆ ತಿರುಗಿ, "ನೋಡಮ್ಮ, ಇವತ್ತು ಆಣೆ ಮಾಡಿದ್ರೆ ಸರಿ. ಇಲ್ಲ ಅಂದ್ರೆ ನೀನು ಮಕ್ಕಳನ್ನ ಕರ್ಕೊಂಡು ಈಗ್ಲೇ ಕಾರು ಹತ್ತು" ಎಂದರು. ಡಾಕ್ಟರು ಹೆಂಡತಿಯ ಮುಖ ನೋಡಿದರು. ಅಕ್ಕ ಅಳುತ್ತಾ, "ನನಗೋಸ್ಕರ ಒಂದ್ಸಲ ಮಾಡ್ಬಿಡಿ" ಎಂದರು. ಅವರು ಬಲತೋಳನ್ನು ಇಳಿಸಿ, ಗುಂಡಿ ಹಾಕಿಕೊಂಡು, ಕಾರು ಹತ್ತಿದರು.

ನನ್ನನ್ನೂ ಸಾಕ್ಷಿಗೆಂದು ಕೂರಿಸಿಕೊಂಡರು. ಬೆಟ್ಟದ ಮೆಟ್ಟಿಲು ಹತ್ತುವಾಗಲೇ ಡಾಕ್ಟರಿಗೆ ಬೆವರು ಸುರಿಯುತ್ತಿತ್ತು. ದರ್ಶನ ಮುಗಿಸಿ ಹೊರಗೆ ಬಂದ ಮೇಲೆ ಸಾಹುಕಾರ್ರೇ ಒಂದು ಕಲ್ಲಿನ ಮೇಲೆ ಕರ್ಪೂರ ಹಚ್ಚಿದರು. ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಬಡಿದು ಆರಿಸಿದರೆ ನಮ್ಮ ಕಡೆ ಅದಕ್ಕಿಂತ ದೊಡ್ಡ ಆಣೆಯಿಲ್ಲ. ಆರಿಸಿದ ಮೇಲೆ ನಾಳೆಯಿಂದ, ಹಬ್ಬ ಕಳೆದ ಮೇಲೆ ಎಂಬ ಮಾತೇ ಇಲ್ಲ. ಆಣೆಗೆ ಅರ್ಧ, ಕಾಲು ಎಂಬುದಿಲ್ಲ. ಡಾಕ್ಟರು ಆ ಉರಿಯನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತರು. ಆಮೇಲೆ ಅಂಗೈ ಇಟ್ಟರು. ಸಾಹುಕಾರ್ರ ಕಣ್ಣಲ್ಲಿ ನೀರು ಬಂತು. ಭಾವನನ್ನು ತಬ್ಬಿಕೊಂಡರು.

ಕಾವಲಿರಲೆಂದು ಅವರನ್ನು ಅರಸೀಕೆರೆಯ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಆಗಾಗ ಬಾಯಿ ಮೂಸಿ ನೋಡುವ ಕೆಲಸ ಅಕ್ಕನಿಗೆ. ಮಾರನೆಯ ದಿನ ನಡುಕ ಮೈಗೆಲ್ಲ ಹರಡಿತು. ಸಾಹುಕಾರ್ರು, "ನೋಡು, ಪಾಪ ಮೈ ಬಿಟ್ಟು ಹೋಗ್ತಾ ಐತೆ" ಎಂದರಂತೆ. ಅದರ ಮಾರನೆಯ ದಿನ ಮಧ್ಯಾಹ್ನ ನಾನು ನೋಡಲು ಹೋದೆ. ಡಾಕ್ಟರು ಗೋಡೆಯ ಮೇಲೆ ಏನೋ ಹರಿದಾಡುತ್ತಿದೆ ಎಂದು ಹೊದಿಕೆ ಕೊಡವುತ್ತಿದ್ದರು. ನನ್ನ ಗುರುತು ಹತ್ತಿತು. ಮಣಿಕಟ್ಟು ಹಿಡಿದುಕೊಂಡರು.

"ಬಂದೆಯಾ? ಶುರುವಾಗಿದೆ ಕಣಯ್ಯ. ಆ ಮಾತ್ರೆ ಬೇಕು. ಇಲ್ಲಾ ಯಾರಾದ್ರೂ ಡಾಕ್ಟರನ್ನ ಕರ್ಕೊಂಡು ಬಾ, ಸೂಜಿ ಹಾಕ್ಲಿ. ಬೇಗ."

ನಾನು ತಡೆಯಲಾರದೆ ಹೇಳಿದೆ: "ಎದುರಿಗೇ ಅಂಗಡಿ ಇದೆ ಡಾಕ್ಟ್ರೇ. ಒಂದು ಕ್ವಾರ್ಟರ್ ತಂದ್ಬಿಡ್ಲಾ? ಯಾರಿಗೂ ಹೇಳಲ್ಲ."

ತಲೆಯಾಡಿಸಿದರು. "ಬೇಡ. ಅವಳ ಮುಂದೆ ಕರ್ಪೂರ ಆರಿಸಿದ್ದೀನಿ. ಮಾತ್ರೆ ತಾ."

ಸಾಹುಕಾರ್ರು ಬಾಗಿಲಲ್ಲೇ ಇದ್ದರು. "ಮಾತ್ರೆನೂ ಅಮಲೇ. ಇನ್ನೊಂದಿನ ತಡ್ಕೊಳ್ಳಿ ಭಾವ, ಗೆದ್ಬಿಟ್ರಿ" ಎಂದರು, ಎಳೆಯ ಮಗುವಿಗೆ ಹೇಳುವ ಹಾಗೆ. ನಾನು ಅವರನ್ನು ದಾಟಿಕೊಂಡು ಬೀದಿಗೆ ಓಡಿದೆ. ಔಷಧಿ ಅಂಗಡಿಯವನು ಚೀಟಿಯಿಲ್ಲದೆ ಕೊಡಲ್ಲ ಎಂದ, ಅವನದು ತಪ್ಪಲ್ಲ. ಒಬ್ಬ ಡಾಕ್ಟರು ಊಟಕ್ಕೆ ಹೋಗಿದ್ದರು. ಅವರ ಮನೆ ಹುಡುಕಿ, ಎಲೆಯಿಂದ ಎಬ್ಬಿಸಿ, ಅವರದೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಬರುವ ಹೊತ್ತಿಗೆ ಸಾಹುಕಾರ್ರ ಮನೆಯ ಮುಂದೆ ಜನ ಸೇರಿತ್ತು. ಒಂದರ ಹಿಂದೆ ಒಂದು ಫಿಟ್ಸ್. ಯಾರೋ ಕೈಗೆ ಬೀಗದ ಕೈ ಗೊಂಚಲು ತುರುಕಿದ್ದರು. ಸುತ್ತಲೂ ನಿಂತು ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ನಾನು ಕರೆತಂದ ಡಾಕ್ಟರು ಸೂಜಿ ಹಾಕಿದರು, ಕಾರಿಗೆ ಹಾಕಿಸಿದರು. ಹಾಸನ ಮುಟ್ಟುವ ಮೊದಲೇ ಮುಗಿದಿತ್ತು.

ಹಾಸನದ ಆಸ್ಪತ್ರೆಯವರು, "ಇಷ್ಟು ವರ್ಷ ಕುಡಿದವರಿಗೆ ಹೀಗೆ ಒಂದೇ ಸಲ ನಿಲ್ಲಿಸಿದ್ರೆ ಆಗೋದೇ ಇದು" ಎಂದರು. ನಾನು ಅಲ್ಲೇ ಇದ್ದೆ, ನನ್ನ ಕಿವಿಯಾರೆ ಕೇಳಿದೆ. ಸಾಹುಕಾರ್ರೂ ಕೇಳಿದರು. ಆದರೆ ಮಣ್ಣು ಮಾಡಿ ಬರುವಷ್ಟರಲ್ಲಿ ಆ ಮಾತಿನಲ್ಲಿ ಅವರಿಗೆ ಉಳಿದಿದ್ದು ಕುಡಿದವರು ಎಂಬುದೊಂದೇ. ತಿಥಿಯ ಹೊತ್ತಿಗೆ ಅದಕ್ಕೆ ಕೈಕಾಲೂ ಬಂದವು. ಡಾಕ್ಟರು ಕದ್ದು ಕುಡಿದಿದ್ದರಂತೆ, ಆಣೆ ಮುರಿದಿದ್ದರಂತೆ, ಮಾಲೇಕಲ್ಲಿನ ದೇವರ ಹತ್ತಿರ ಆಟವೇ ಎಂದು ಜನ ಕೆನ್ನೆ ಕೆನ್ನೆ ಬಡಿದುಕೊಂಡರು. ಜಾವಗಲ್ಲಿನಲ್ಲಿ ಅವರ ಕೈಯಿಂದ ಕರು ಎಳೆಸಿಕೊಂಡವರೂ ನನ್ನ ಅಂಗಡಿಗೆ ಬಂದು ಅದನ್ನೇ ಹೇಳಿದರು. ಇಲ್ಲ ಎಂದು ನಾನು ಹೇಳಿದರೆ, "ನೀನು ಅವ್ರ ದೋಸ್ತು, ನೀನೇ ತಂದ್ಕೊಟ್ಟೆಯೇನೋ!" ಎಂದು ನಕ್ಕರು.

ಅಕ್ಕ ಮಾತ್ರ ಏನೂ ಹೇಳಲಿಲ್ಲ. ಬಾಯಿ ಮೂಸಿ ನೋಡಿದವರು ಅವರೇ, ಅವರಿಗಿಂತ ಚೆನ್ನಾಗಿ ಬಲ್ಲವರು ಇನ್ಯಾರು? ಆದರೆ ಜಾವಗಲ್ಲಿನ ಮನೆ ಖಾಲಿ ಮಾಡಿ ಮಕ್ಕಳ ಸಮೇತ ಅಣ್ಣನ ಮನೆ ಸೇರಿದ್ದರು. ಇದ್ದ ಸೂರು ಅದು, ಉಣ್ಣುವ ಅನ್ನ ಅದು, ಮಕ್ಕಳ ಸ್ಕೂಲು ಅದು. ಗಂಡ ಆಣೆ ಉಳಿಸಿಕೊಂಡು ಸತ್ತ ಎಂದರೆ ಕೊಂದದ್ದು ಯಾರು ಎಂಬ ಮಾತು ಬರುತ್ತದೆ. ಅಣ್ಣನೂ ತಂಗಿಯನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದರು, ಅದೂ ನಿಜ.

ಮಹಾಲಯ ಅಮಾವಾಸ್ಯೆಗೆ ಸಾಹುಕಾರ್ರು ತಮ್ಮ ಮನೆಗೆ ನನಗೂ ಹೇಳಿಕಳಿಸಿದ್ದರು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುವುದು ನಮ್ಮ ಕಡೆಯ ಪದ್ಧತಿ. ಬಾಳೆಲೆಯ ತುಂಬ ಕಡುಬು, ವಡೆ, ಬಾಡಿನ ಸಾರು. ಸಾಹುಕಾರ್ರು ಬೀರುವಿನಿಂದ ಒಂದು ಬಾಟಲಿ ತೆಗೆದರು. ತಾವೇ ಅಂಗಡಿಗೆ ಹೋಗಿ ಒಳ್ಳೆಯದನ್ನು ಆರಿಸಿ ತಂದಿದ್ದರು. ಲೋಟದ ಅಂಚಿನವರೆಗೆ ಹೊಯ್ದು ಎಲೆಯ ತುದಿಯಲ್ಲಿಟ್ಟರು.

"ಅಣ್ಣ, ಆಣೆ..." ಎಂದರು ಅಕ್ಕ.

"ಸತ್ತೋರಿಗೆ ಎಂಥ ಆಣೆ ತಾಯಿ? ಪಾಪ, ಅದರ ಮೇಲೇ ಆಸೆ ಇಟ್ಕೊಂಡು ಹೋದ್ರು. ಹೊಟ್ಟೆ ತುಂಬ ಕುಡೀಲಿ. ಈಗ ನಾವ್ಯಾಕೆ ಬೇಡ ಅನ್ನಣ?" ಎಂದು ಕಣ್ಣೊರೆಸಿಕೊಂಡರು. ನಾಟಕವಲ್ಲ, ನಿಜವಾದ ಕಣ್ಣೀರು.

ಸತ್ತವರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ನಾವೆಲ್ಲ ಜಗುಲಿಯಲ್ಲಿ ನಿಂತೆವು. ನೆಂಟರು ಮಳೆ ಬೆಳೆ, ಕೊಬ್ಬರಿ ರೇಟು ಮಾತಾಡಿದರು. ಸ್ವಲ್ಪ ಹೊತ್ತಾದ ಮೇಲೆ ಸಾಹುಕಾರ್ರು ಬಾಗಿಲು ತಟ್ಟಿ, ತೆಗೆದು, ಒಳಗೆ ಹೋಗಿ ಲೋಟದ ಮೇಲೆ ಬಾಗಿದರು. ಏರುಪೇರು ನೆಲದಲ್ಲಿ ತುಂಬಿದ ಲೋಟ ಸ್ವಲ್ಪ ವಾಲಿತ್ತು, ಕೆಳಗಿನ ಎಲೆ ಒದ್ದೆಯಾಗಿತ್ತು. ಅವರು ಎಲೆಯನ್ನು ನೋಡಲಿಲ್ಲ. ಲೋಟವನ್ನು ಎತ್ತಿ ನೆಂಟರಿಗೆಲ್ಲ ತೋರಿಸಿದರು.

"ನೋಡ್ರಪ್ಪ, ಎಷ್ಟು ಇಳಿದೈತೆ! ನಾನು ಹೇಳ್ಲಿಲ್ವಾ? ಆವಯ್ಯನ ಕೈಲಿ ಬಿಡೋಕಾಗ್ತಿರ್ಲಿಲ್ಲ."

ನೆಂಟರು ಅಯ್ಯೋ ಪಾಪ ಎನ್ನುತ್ತಾ ಮೆಲ್ಲಗೆ ನಕ್ಕರು. ಅಕ್ಕ ಮುಂದೆ ಬಂದು ಅಣ್ಣನ ಕೈಯಿಂದ ಲೋಟ ತೆಗೆದುಕೊಂಡರು.

"ಬಿಟ್ಟಿದ್ರು ಅಣ್ಣ" ಎಂದರು, ಎಲ್ಲರಿಗೂ ಕೇಳುವ ಹಾಗೆ. "ಬಿಟ್ಟಿದ್ದಕ್ಕೇ ಸತ್ರು."

ಸಾಹುಕಾರ್ರು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ತಂಗಿಯ ಮುಖ ನೋಡದೆ, "ನಡೀರಪ್ಪ, ಎಲೆ ಹಾಕಿಸ್ರಿ, ಹೊತ್ತಾಯ್ತು" ಎಂದರು. ನೆಂಟರು ಸಾಲಾಗಿ ಊಟಕ್ಕೆ ಕೂತರು.